ಉದ್ಯಾನವನ್ನು ಕಿವಿಯಿಂದ ಅಳೆಯಬೇಕು

ಒಂದು ಉದ್ಯಾನವು ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ನಾವು ಎಕರೆಯ ಲೆಕ್ಕವನ್ನು ಹೇಳುತ್ತೇವೆ. ಎಷ್ಟು ಮರಗಳಿವೆ, ಎಷ್ಟು ಕಲ್ಲುಬೆಂಚುಗಳಿವೆ, ನಡೆದಾಡುವ ಹಾದಿ ಎಷ್ಟು ಉದ್ದವಾಗಿದೆ ಎಂಬುದನ್ನೂ ಸೇರಿಸಿ ಹೇಳುವುದುಂಟು. ಇವೆಲ್ಲ ಕಣ್ಣಿನ ಅಳತೆಗಳು. ನಗರದ ಗದ್ದಲದಿಂದ ಬೇಸತ್ತವನು ಊರಹೊರಗಿನ ಪ್ರಶಾಂತವಾದ ಒಂದು ತೋಟವನ್ನು ಅರಸಿ ಹೋಗುವುದು ಕಣ್ಣಿಗಾಗಿ ಮಾತ್ರವಲ್ಲ, ಕಿವಿಗಾಗಿಯೂ ಹೌದು. ಹಾಗಿದ್ದೂ ಆ ಉದ್ಯಾನವು ಕಿವಿಗೆ ಎಷ್ಟು ದೊಡ್ಡದು ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಈ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಖಚಿತವಾದ ಉತ್ತರವಿದೆ. ಆ ಉತ್ತರವನ್ನು ಒಮ್ಮೆ ತಿಳಿದವರು ನಮ್ಮ ಉದ್ಯಾನಗಳನ್ನು ಈಗ ನೋಡಿಕೊಳ್ಳುತ್ತಿರುವ ರೀತಿಯನ್ನು ಒಪ್ಪಲಾರರು ಎಂಬುದು ನನ್ನ ಅಭಿಪ್ರಾಯ.

ಮಾತು ಬರಿಯ ತತ್ತ್ವವಾಗಿ ಉಳಿಯದಿರಲೆಂದು ನಿಜವಾದ ಒಂದು ಸ್ಥಳವನ್ನೇ ತೆಗೆದುಕೊಳ್ಳೋಣ. ಶ್ರೀರಂಗಪಟ್ಟಣದಿಂದ ಕೃಷ್ಣರಾಜಸಾಗರಕ್ಕೆ ಹೋಗುವ ದಾರಿಯಲ್ಲಿ ಪಾಲಹಳ್ಳಿ ಎಂಬ ಗ್ರಾಮವಿದೆ. ಸುತ್ತಲೂ ಕಬ್ಬು ಮತ್ತು ಬತ್ತದ ಗದ್ದೆಗಳು, ಮಗ್ಗುಲಲ್ಲಿ ಕಾವೇರಿ. ಆ ಹೊಳೆಯ ಪಾತ್ರದಲ್ಲಿ ಚದುರಿರುವ ಪುಟ್ಟ ದ್ವೀಪಗಳೇ ರಂಗನತಿಟ್ಟು. ಮೈಸೂರು ನಗರದಿಂದ ಅಲ್ಲಿಗೆ ಸುಮಾರು 16 ಕಿಲೋಮೀಟರು. 1645ರಿಂದ 1648ರವರೆಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ನದಿಗೆ ಅಡ್ಡಲಾಗಿ ಕಟ್ಟೆಯೊಂದನ್ನು ಕಟ್ಟಿಸಿದುದರ ಫಲವಾಗಿ ಈ ದ್ವೀಪಗಳು ಉಂಟಾದುವು. ಹಕ್ಕಿಗಳು ಅವನ್ನು ತಮ್ಮ ಮನೆಯಾಗಿ ಮಾಡಿಕೊಂಡುವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗಾಗಿ ಬಂದವರು ಈ ಸ್ಥಳದ ಮಹತ್ತ್ವವನ್ನು ಅರಸೊತ್ತಿಗೆಗೆ ಮನಗಾಣಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2022ರಲ್ಲಿ ರಂಗನತಿಟ್ಟು ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲ ಸ್ಥಳ ಅದೇ.

ಇದು ಪಕ್ಷಿಧಾಮವೇ ಹೊರತು ಬಡಾವಣೆಯ ಉದ್ಯಾನವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಭಾನುವಾರದ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಎರಡು ಗಂಟೆ ನೆಮ್ಮದಿಯಾಗಿ ಕಳೆಯಬೇಕೆಂಬ ಮೈಸೂರಿನ ಸಂಸಾರಗಳಿಗೆ ಅದು ಊರಹೊರಗಿನ ತೋಟವೂ ಆಗಿದೆ. ನದಿಯ ದಂಡೆಯ ಬಿದಿರುಮೆಳೆ, ನೆರಳು, ಹುಟ್ಟುಹಾಕಿ ನಡೆಸುವ ದೋಣಿ, ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿರುವ ಮೊಸಳೆ: ಇವುಗಳಿಗಾಗಿ ಹೋಗುವವರೆಲ್ಲರೂ ಪಕ್ಷಿಶಾಸ್ತ್ರಜ್ಞರಲ್ಲ. ಆದುದರಿಂದ ಅಲ್ಲಿ ಸಲ್ಲುವ ವಾದವು ಬಡಾವಣೆಯ ಚಿಕ್ಕ ಉದ್ಯಾನಕ್ಕೂ ಸಲ್ಲುತ್ತದೆ.

ಪ್ರಶಾಂತತೆ ಎಂದರೇನು?

ರಂಗನತಿಟ್ಟಿನಲ್ಲಿ ಮೌನವಿದೆಯೆ? ಮೌನವೆಂದರೆ ಶಬ್ದದ ಅಭಾವ ಎಂದು ಅರ್ಥಮಾಡಿದರೆ ಇಲ್ಲವೆಂದೇ ಹೇಳಬೇಕು. ನೂರಾರು ಗೂಡುಗಳಿರುವ ಮರಗಳಲ್ಲಿ ಸದಾ ಗಲಾಟೆ. ಬಣ್ಣದ ಕೊಕ್ಕರೆಯ ವಿಷಯವು ವಿಚಿತ್ರವಾದುದು: ಬೆಳೆದ ಹಕ್ಕಿಗೆ ಕೂಗು ಇಲ್ಲವೆನ್ನುವಷ್ಟು ಕಡಮೆ, ಅದು ತನ್ನ ಕೊಕ್ಕಿನ ಎರಡು ಹೋಳುಗಳನ್ನು ಕಟಕಟನೆ ಬಡಿದು ತನ್ನ ಸಂಗಾತಿಗೆ ಹೇಳಬೇಕಾದುದನ್ನು ಹೇಳುತ್ತದೆ. ಆದರೆ ಅದರ ಮರಿಗಳು ಊಟಕ್ಕಾಗಿ ಹಾಕುವ ಕೂಗು ದಡದವರೆಗೂ ಕೇಳುತ್ತದೆ. ಬಕಗಳ ಜಗಳ, ನೀರುಕಾಗೆಗಳ ಗೊರಗೊರ, ಬಂಡೆಗಳ ನಡುವೆ ಹರಿಯುವ ನೀರಿನ ಸದ್ದು ಇವೂ ಸೇರಿರುತ್ತವೆ. ಇಷ್ಟಾದರೂ ಅಲ್ಲಿಂದ ಮರಳಿದವರು "ಎಂಥ ಪ್ರಶಾಂತವಾದ ಸ್ಥಳ" ಎಂದೇ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ.

ಕಾರಣವಿಷ್ಟೆ. ಅಲ್ಲಿ ಒಂದೊಂದು ಸದ್ದೂ ಬಿಡಿಬಿಡಿಯಾಗಿ ಕೇಳುತ್ತದೆ. ಇದು ಮರಿಯ ಕೂಗು, ಇದು ಕೊಕ್ಕಿನ ಬಡಿತ, ಇದು ಹುಟ್ಟು ನೀರಿಗೆ ಬಿದ್ದ ಸದ್ದು ಎಂದು ಕಿವಿಯು ಬೇರ್ಪಡಿಸಿ ಹೇಳಬಲ್ಲದು. ನಗರದ ರಸ್ತೆಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಇಂಜಿನುಗಳ ಒಂದೇ ಸಮನೆಯ ಮೊರೆತವು ಉಳಿದ ಎಲ್ಲ ಸದ್ದುಗಳನ್ನೂ ಮುಚ್ಚಿಬಿಡುತ್ತದೆ. ಪ್ರಶಾಂತತೆಯೆಂದರೆ ಸದ್ದೇ ಇಲ್ಲದ ಸ್ಥಿತಿಯಲ್ಲ, ಸಣ್ಣ ಸದ್ದೂ ದೂರದಿಂದ ಕೇಳಿಬರುವ ಸ್ಥಿತಿ. ವಿಜಾಪುರದ ಗೋಳಗುಮ್ಮಟಕ್ಕೆ ಹೋದವರಿಗೆ ಇದರ ಅನುಭವವಿರುತ್ತದೆ. ಅಲ್ಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಕಡೆ ಆಡಿದ ಪಿಸುಮಾತು ಸುಮಾರು 37 ಮೀಟರು ಆಚೆಯ ಎದುರು ಗೋಡೆಯ ಬಳಿ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಪ್ರವಾಸಿಗಳ ಗುಂಪು ಮೊಗಸಾಲೆಯಲ್ಲಿ ನಿಂತು ಕೂಗತೊಡಗಿದರೆ ಪಿಸುಮಾತು ಯಾರಿಗೂ ಕೇಳದು. ಕಟ್ಟಡವು ಅದೇ, ಗೋಡೆಯ ಬಾಗೂ ಅದೇ; ಕಳೆದುಹೋದುದು ಹಿನ್ನೆಲೆಯ ಮೌನ ಮಾತ್ರ.

ಹತ್ತು ಎಕರೆ ಒಂದು ಎಕರೆಯಾಗುವ ಬಗೆ

ಈಗ ಲೆಕ್ಕಕ್ಕೆ ಬರೋಣ. ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಮಾನದ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು: ಅದು ಕೂಡಿಕೆಯ ಲೆಕ್ಕವಲ್ಲ, ಗುಣಾಕಾರದ ಲೆಕ್ಕ. ಶಬ್ದದ ಮಟ್ಟವು 10 ಡೆಸಿಬೆಲ್ ಏರಿತೆಂದರೆ ಅದರ ತೀವ್ರತೆ ಹತ್ತು ಪಟ್ಟಾಯಿತೆಂದು ಅರ್ಥ. 20 ಡೆಸಿಬೆಲ್ ಏರಿದರೆ ನೂರು ಪಟ್ಟು. 6 ಡೆಸಿಬೆಲ್ ಏರಿಕೆ ಸುಮಾರು ನಾಲ್ಕು ಪಟ್ಟಿಗೆ ಸಮ.

ಮರದ ತುದಿಯಲ್ಲಿ ಕುಳಿತ ಹಕ್ಕಿಯೊಂದು ಕೂಗಿತೆನ್ನಿ. ಆ ಕೂಗು ಎಲ್ಲ ದಿಕ್ಕುಗಳಿಗೂ ಗೋಳಾಕಾರದಲ್ಲಿ ಹರಡುತ್ತದೆ. ಕೇಳುವವನು ಎರಡು ಪಟ್ಟು ದೂರ ಸರಿದರೆ ಅವನ ಕಿವಿಗೆ ಬೀಳುವ ತೀವ್ರತೆ ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಎಂದರೆ 6 ಡೆಸಿಬೆಲ್ ಕಡಮೆಯಾಗುತ್ತದೆ. ಹೀಗೆ ಇಳಿಯುತ್ತ ಹೋದ ಕೂಗು ಹಿನ್ನೆಲೆಯ ಗದ್ದಲದಲ್ಲಿ ಎಲ್ಲಿ ಮುಳುಗುವುದೋ ಅಲ್ಲಿಗೆ ಅದರ ವ್ಯಾಪ್ತಿ ಮುಗಿಯಿತು. ಈಗ ಹಿನ್ನೆಲೆಯ ಗದ್ದಲವೇ 6 ಡೆಸಿಬೆಲ್ ಏರಿತೆಂದು ಭಾವಿಸೋಣ. ಹಿಂದೆ 100 ಮೀಟರಿನವರೆಗೆ ಕೇಳುತ್ತಿದ್ದ ಕೂಗು ಇನ್ನು 50 ಮೀಟರಿನವರೆಗೆ ಮಾತ್ರ ಕೇಳುತ್ತದೆ. ದೂರವು ಅರ್ಧವಾದರೆ ವೃತ್ತದ ವಿಸ್ತೀರ್ಣ ನಾಲ್ಕರಲ್ಲೊಂದು ಭಾಗವಾಗುತ್ತದೆ. ಗದ್ದಲವು 10 ಡೆಸಿಬೆಲ್ ಏರಿದರೆ ವಿಸ್ತೀರ್ಣವು ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ.

ಈ ಕೊನೆಯ ವಾಕ್ಯವನ್ನು ಓದುಗರು ಇನ್ನೊಮ್ಮೆ ಓದಬೇಕೆಂದು ಪ್ರಾರ್ಥಿಸುತ್ತೇನೆ. ಹತ್ತು ಎಕರೆಯ ತೋಟದಲ್ಲಿ ಕುಳಿತವನು ಆ ಹತ್ತು ಎಕರೆಯ ಹಕ್ಕಿಗಳನ್ನೂ ಕೇಳಬಲ್ಲವನಾಗಿದ್ದನೆನ್ನಿ. ಗದ್ದಲವು 10 ಡೆಸಿಬೆಲ್ ಹೆಚ್ಚಿದ ದಿನ ಅವನ ಕಿವಿಗೆ ದಕ್ಕುವುದು ಒಂದೇ ಎಕರೆ. ಬೇಲಿ ಸರಿದಿಲ್ಲ, ಒಂದು ಮರವನ್ನೂ ಯಾರೂ ಕಡಿದಿಲ್ಲ, ದಾಖಲೆಯಲ್ಲಿ ಹತ್ತು ಎಕರೆ ಹಾಗೆಯೇ ಇದೆ. ಆದರೆ ಒಂಬತ್ತು ಎಕರೆ ಒತ್ತುವರಿಯಾಗಿಹೋಗಿದೆ. ಯಾರಾದರೂ ಉದ್ಯಾನದ ಮೂಲೆಯಲ್ಲಿ ಒಂದು ಗೋಡೆ ಎಬ್ಬಿಸಿದರೆ ಊರೇ ಎದ್ದು ಕೇಳುತ್ತದೆ. ಈ ಒತ್ತುವರಿಯನ್ನು ಕೇಳುವವರಿಲ್ಲ.

ಇದು ಕಾಗದದ ಮೇಲಿನ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. 2020ರ ವಸಂತದಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ವಾಹನ ಸಂಚಾರ ನಿಂತುಹೋದಾಗ ಅಲ್ಲಿನ ವಿಜ್ಞಾನಿಗಳು ಬಿಳಿನೆತ್ತಿಯ ಒಂದು ಜಾತಿಯ ಗುಬ್ಬಿಗಳ ಹಾಡನ್ನು ಪರೀಕ್ಷಿಸಿದರು. ಹಕ್ಕಿಗಳು ಹಿಂದಿಗಿಂತ ಮೆಲ್ಲಗೆ ಹಾಡುತ್ತಿದ್ದುವು. ಆದರೂ ಅವುಗಳ ಹಾಡು ಎರಡರಷ್ಟು ದೂರ ಕೇಳುತ್ತಿತ್ತು. ದೂರ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಇದಕ್ಕೂ ಮೊದಲು, 2003ರಲ್ಲಿ, ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ನಡೆದ ಅಧ್ಯಯನದಿಂದ ಇನ್ನೊಂದು ಸಂಗತಿ ತಿಳಿದುಬಂದಿತ್ತು. ಗದ್ದಲವಿರುವ ಬೀದಿಗಳಲ್ಲಿ ವಾಸಿಸುವ ಗ್ರೇಟ್ ಟಿಟ್ ಎಂಬ ಚಿಕ್ಕ ಹಕ್ಕಿಗಳು ತಮ್ಮ ಹಾಡಿನ ಕೆಳಸ್ಥಾಯಿಯ ಭಾಗವನ್ನು ಬಿಟ್ಟು ಹೆಚ್ಚು ಕಂಪನಾಂಕದ ಸ್ವರಗಳನ್ನು ಆರಿಸಿಕೊಳ್ಳುತ್ತವೆ; ವಾಹನಗಳ ಮೊರೆತವು ಹೆಚ್ಚಾಗಿ ಕಡಮೆ ಕಂಪನಾಂಕದ್ದಾದುದರಿಂದ ಅದರ ಮೇಲೆ ತೇಲಿ ಕೇಳಿಸಿಕೊಳ್ಳುವ ಉಪಾಯವಿದು. ಹಾಡುವ ಹಕ್ಕಿಗೆ ಈ ಉಪಾಯವಾದರೂ ಇದೆ. ಕೊಕ್ಕನ್ನು ಬಡಿದೇ ಮಾತನಾಡಬೇಕಾದ ಕೊಕ್ಕರೆ ಯಾವ ಸ್ವರಕ್ಕೆ ಏರೀತು?

ನೀರು, ಗಾಳಿ, ಮರ

ಮರಗಳಿದ್ದರೆ ಸದ್ದು ತಾನೇ ನಿಲ್ಲುತ್ತದೆ ಎಂಬ ನಂಬಿಕೆ ಬಹು ವ್ಯಾಪಕವಾಗಿದೆ. ಇದರಲ್ಲಿ ಅರ್ಧ ಸತ್ಯವಿದೆ. ಒಂದು ಸಾಲು ಮರದಿಂದ ಕಣ್ಣಿಗೆ ತಂಪೇ ಹೊರತು ಸದ್ದಿಗೆ ತಡೆಯಿಲ್ಲ. ಸುಮಾರು 30 ಮೀಟರು ಅಗಲದ ದಟ್ಟವಾದ ತೋಪು ಇದ್ದರೆ 5ರಿಂದ 8 ಡೆಸಿಬೆಲಿನಷ್ಟು ಇಳಿತ ದೊರೆಯುತ್ತದೆ. ಅದರಲ್ಲಿಯೂ ಎಲೆಗಳ ಪಾಲು ಹೆಚ್ಚು ಕಂಪನಾಂಕದ ಸದ್ದನ್ನು ಚದುರಿಸುವುದು. ಉಳಿದ ಕೆಲಸದಲ್ಲಿ ಬಹುಭಾಗವನ್ನು ಮಾಡುವುದು ತೋಪಿನ ಅಡಿಯ ಮೆತ್ತನೆಯ ಮಣ್ಣು ಮತ್ತು ತರಗೆಲೆ. ನೆಲಕ್ಕೆಲ್ಲ ಸಿಮೆಂಟಿನ ಬಿಲ್ಲೆಗಳನ್ನು ಹಾಸಿ ನಡುನಡುವೆ ಗಿಡ ನೆಡುವ ಈಚಿನ ಪದ್ಧತಿಯಿಂದ ಉದ್ಯಾನವು ಈ ಮೆತ್ತನೆಯ ನೆಲವನ್ನು ಕಳೆದುಕೊಳ್ಳುತ್ತದೆ.

ನೀರಿನ ಸ್ವಭಾವವು ಇದಕ್ಕೆ ವಿರುದ್ಧ. ನಿಂತ ನೀರಿನ ಮೇಲ್ಮೈ ಸದ್ದಿಗೆ ಗಟ್ಟಿಯಾದ ಕನ್ನಡಿಯಿದ್ದಂತೆ. ಅದು ಹೀರುವುದಿಲ್ಲ, ಹಿಂತಿರುಗಿಸುತ್ತದೆ. ಜೊತೆಗೆ ಬೆಳಗಿನ ಜಾವದ ಗಾಳಿಯ ಮಹಿಮೆಯೂ ಸೇರುತ್ತದೆ. ಶಬ್ದದ ವೇಗವು ಉಷ್ಣತೆಯೊಡನೆ ಹೆಚ್ಚುತ್ತದೆ. ಒಂದು ಡಿಗ್ರಿ ಸೆಲ್ಸಿಯಸಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಂತೆ. ಹಗಲಿನಲ್ಲಿ ಕಾದ ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ಆದುದರಿಂದ ಶಬ್ದತರಂಗಗಳು ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗುತ್ತವೆ. ಇರುಳೆಲ್ಲ ತಣಿದ ನೆಲದ ಮೇಲೆ ಬೆಳಗಿನ ಜಾವ ತಣ್ಣನೆಯ ಗಾಳಿಯ ಪದರವಿದ್ದು ಅದರ ಮೇಲೆ ಹೆಚ್ಚು ಬೆಚ್ಚಗಿನ ಪದರವಿರುತ್ತದೆ. ಆಗ ತರಂಗಗಳು ಕೆಳಕ್ಕೆ ಬಾಗುತ್ತವೆ; ದೂರದ ಸದ್ದು ಹತ್ತಿರದಲ್ಲಿಯೇ ಆದಂತೆ ಕೇಳುತ್ತದೆ. ಹೊಳೆಯಾಚೆಯ ರೈಲಿನ ಸದ್ದು ನಸುಕಿನಲ್ಲಿ ಸ್ಪಷ್ಟವಾಗಿ ಕೇಳಿ ಮಧ್ಯಾಹ್ನ ಕೇಳದಿರುವುದಕ್ಕೆ ಇದೂ ಒಂದು ಕಾರಣ. ಹಕ್ಕಿಗಳು ಹೆಚ್ಚಾಗಿ ಹಾಡುವ ಹೊತ್ತೂ ಅದೇ, ಗದ್ದಲವು ಹೆಚ್ಚು ದೂರ ಹಬ್ಬುವ ಹೊತ್ತೂ ಅದೇ. ಆದುದರಿಂದ ಹೊಳೆಯ ದಂಡೆಯ ಉದ್ಯಾನಕ್ಕೆ ನಿಸರ್ಗವು ತಾನಾಗಿ ರಕ್ಷಣೆ ಕೊಟ್ಟೀತೆಂದು ನಂಬಿ ಕೂರುವಂತಿಲ್ಲ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ ಈ ಸೀಮೆಗೆ ಬರುವ ದಾರಿ ಸುಗಮವಾಗಿದೆ. ದಾರಿ ಸುಗಮವಾದಷ್ಟೂ ಹೊಣೆ ಹೆಚ್ಚು.

ಒಂದು ಆಕ್ಷೇಪ

ಉದ್ಯಾನವೇನು ಆಸ್ಪತ್ರೆಯೆ? ಮಕ್ಕಳು ಕೂಗಬಾರದೆ, ನಗಬಾರದೆ? ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೂ ಲೆಕ್ಕವೇ ಉತ್ತರ ಹೇಳಲಿ. ಸಾಮಾನ್ಯವಾದ ಮಾತು ಒಂದು ಮೀಟರಿನ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಇಮ್ಮಡಿಯಾದಂತೆಲ್ಲ 6 ಕಳೆಯುತ್ತ ಹೋದರೆ 64 ಮೀಟರು ಆಚೆ ಅದು 24 ಡೆಸಿಬೆಲಿಗೆ ಇಳಿಯುತ್ತದೆ. ಎಂದರೆ ಎಲೆ ಅಲುಗುವ ಸದ್ದಿನಲ್ಲಿ ಅಡಗಿಹೋಗುತ್ತದೆ. ಧ್ವನಿವರ್ಧಕವೊಂದು ಒಂದು ಮೀಟರಿನಲ್ಲಿ 100 ಡೆಸಿಬೆಲ್ ಸದ್ದು ಮಾಡುತ್ತದೆಂದು ಇಟ್ಟುಕೊಳ್ಳೋಣ. ಅದೇ 64 ಮೀಟರಿನಲ್ಲಿ ಅದು 64 ಡೆಸಿಬೆಲ್. ಕಾಲು ಕಿಲೋಮೀಟರು ದಾಟಿದ ಮೇಲೂ 52. ಮಗುವಿನ ಕೇಕೆ ತನ್ನ ಬಳಿಯ ನಾಲ್ಕು ಜನಕ್ಕೆ ಕೇಳಿ ಮುಗಿಯುತ್ತದೆ. ಯಂತ್ರದ ಸದ್ದು ಕೇಳಬೇಕೆಂದವರಿಗೂ ಬೇಡವೆಂದವರಿಗೂ ಒಂದೇ ಸಮನಾಗಿ ಬಡಿಸಲ್ಪಡುತ್ತದೆ. ಹೀಗಾಗಿ ನಾನು ಬೇಡುವುದು ಮನುಷ್ಯರ ಮೌನವನ್ನಲ್ಲ, ಯಂತ್ರಗಳ ಮೌನವನ್ನು. ಮಕ್ಕಳು ಧಾರಾಳವಾಗಿ ನಗಲಿ. ಹಾರನ್ನು, ಧ್ವನಿವರ್ಧಕ, ಜೇಬಿನ ಫೋನಿನಿಂದ ಊರಿಗೆಲ್ಲ ಕೇಳುವಂತೆ ಹಾಕುವ ಹಾಡು, ಇವು ಬಾಗಿಲಿನಾಚೆ ಉಳಿಯಲಿ.

ಹಾಡು, ಬೆಳಕು, ಜನಜಂಗುಳಿ ಬೇಕೆನ್ನುವವರಿಗೆ ಅದೇ ದಾರಿಯಲ್ಲಿ ಮುಂದೆ ಕೃಷ್ಣರಾಜಸಾಗರದ ಬೃಂದಾವನವಿದೆ. ಅಲ್ಲಿ ಸಂಗೀತಕ್ಕೆ ಕುಣಿಯುವ ಕಾರಂಜಿಯಿದೆ. ಅದೂ ಒಂದು ಸೊಗಸು. ಅದನ್ನು ಅಲ್ಲಗಳೆಯುವ ಅರಸಿಕತೆ ನನಗಿಲ್ಲ. ಆದರೆ ಎಲ್ಲ ಉದ್ಯಾನಗಳೂ ಬೃಂದಾವನವಾಗಬೇಕೆಂಬ ಹಟ ಸಲ್ಲದು. ಈಚೆಗೆ ಬಡಾವಣೆಗಳ ಚಿಕ್ಕ ಉದ್ಯಾನಗಳಲ್ಲಿಯೂ ಕಂಬಕ್ಕೆ ಧ್ವನಿವರ್ಧಕ ಕಟ್ಟಿ ಬೆಳಿಗ್ಗೆ ಸಂಜೆ ಹಾಡು ಹಾಕುವುದನ್ನು ಸೌಕರ್ಯವೆಂದು ಎಣಿಸುತ್ತಾರೆ. ಹಾಡು ಎಷ್ಟು ಇಂಪಾದರೂ ಅದು ಅರ್ಧ ಎಕರೆಯ ತೋಟವನ್ನು ಕಿವಿಯ ಪಾಲಿಗೆ ಒಂದು ಕೊಠಡಿಯಷ್ಟಾಗಿಸುತ್ತದೆ.

ಮಾಡಬೇಕಾದುದೇನು?

ಕಾನೂನು ಇಲ್ಲವೆಂದು ಕೊರಗಬೇಕಾದುದಿಲ್ಲ. ಕೇಂದ್ರ ಸರ್ಕಾರವು 2000ದಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ ಎಂದೂ, ನಿಶ್ಶಬ್ದ ವಲಯಕ್ಕೆ ಹಗಲು 50, ಇರುಳು 40 ಎಂದೂ ಮಿತಿಯಿದೆ. ನಿಶ್ಶಬ್ದ ವಲಯವೆಂದರೆ ನಮಗೆ ತಕ್ಷಣ ನೆನಪಾಗುವುದು ಆಸ್ಪತ್ರೆ, ಶಾಲೆ, ನ್ಯಾಯಾಲಯ. ಆದರೆ ಅಧಿಕಾರವುಳ್ಳವರು ಬೇರೆ ಪ್ರದೇಶವನ್ನೂ ಹಾಗೆ ಘೋಷಿಸಲು ಆ ನಿಯಮಗಳಲ್ಲಿಯೇ ಅವಕಾಶವಿದೆ. ರಂಗನತಿಟ್ಟಿನಂಥ ಸ್ಥಳಗಳ ಸುತ್ತಣ ನೆಲವನ್ನೂ, ಪ್ರತಿ ಬಡಾವಣೆಯಲ್ಲಿ ಒಂದಾದರೂ ಉದ್ಯಾನವನ್ನೂ ಹೀಗೆ ಘೋಷಿಸತಕ್ಕದ್ದು. ವಾಹನಗಳನ್ನು ಬಾಗಿಲಿಗೆ ತಾಗಿಸಿ ನಿಲ್ಲಿಸದೆ ಸಾಕಷ್ಟು ದೂರದಲ್ಲಿ ನಿಲ್ಲಿಸಿ ನಡೆದು ಬರುವ ಏರ್ಪಾಡಾಗಬೇಕು. ದೋಣಿಗೆ ಹುಟ್ಟೇ ಇರಲಿ. ಇಂಜಿನು ಎಂದೂ ಬಾರದಿರಲಿ. ಬಾಗಿಲಿನ ಹಲಗೆಯ ಮೇಲೆ ಹಕ್ಕಿಗಳ ಹೆಸರುಗಳೊಡನೆ ಆ ದಿನದ ಶಬ್ದದ ಮಟ್ಟವನ್ನೂ ಬರೆದಿಡುವುದು ಕಷ್ಟದ ಕೆಲಸವಲ್ಲ. ಅಳೆಯದ ವಸ್ತುವನ್ನು ಕಾಯುವುದು ಹೇಗೆ?

ಇದರ ಭಾರವನ್ನು ಪಾಲಹಳ್ಳಿಯವರ ಮೇಲೆ ಹೊರಿಸುವುದು ಅನ್ಯಾಯವೆಂಬುದನ್ನೂ ಸೇರಿಸಿ ಹೇಳಬೇಕು. ಗದ್ದೆಯಲ್ಲಿ ಪಂಪು ನಡೆಯಲೇಬೇಕು, ಕಬ್ಬು ಸಾಗಲೇಬೇಕು, ಊರ ಹಬ್ಬ ಆಗಲೇಬೇಕು. ಆ ಜನರೂ ಹಕ್ಕಿಗಳೂ ಬಹುಕಾಲದಿಂದ ಒಟ್ಟಿಗೆ ಬಾಳಿದ್ದಾರೆ. ನಗರದಿಂದ ವಿರಾಮಕ್ಕೆಂದು ಹೋಗುವ ನಮ್ಮಂಥವರೇ ಮೊದಲು ಸಂಯಮ ಕಲಿಯಬೇಕಾದವರು.

ಕೊನೆಯದಾಗಿ, ಓದುಗರಿಗೆ ಒಂದು ಪ್ರಯೋಗ. ಯಾವ ಉಪಕರಣವೂ ಬೇಡ, ಇಬ್ಬರಿದ್ದರೆ ಸಾಕು. ನಿಮ್ಮ ಬಡಾವಣೆಯ ಉದ್ಯಾನದಲ್ಲಿ ಒಬ್ಬರು ನಿಂತು ಸಹಜವಾದ ದನಿಯಲ್ಲಿ, ಏರಿಳಿಸದೆ, ಅಂಕಿಗಳನ್ನು ಹಿಂದುಮುಂದಾಗಿ ಹೇಳುತ್ತಿರಲಿ. ಇನ್ನೊಬ್ಬರು ಮೆಲ್ಲನೆ ಹಿಂದಕ್ಕೆ ಸರಿಯುತ್ತ, ಅಂಕಿ ಯಾವುದೆಂದು ತಿಳಿಯದಾದ ಸ್ಥಳದಲ್ಲಿ ನಿಂತು, ನಡುವಿನ ಹೆಜ್ಜೆಗಳನ್ನು ಎಣಿಸಲಿ. ಇದನ್ನು ಬೆಳಗಿನ ಆರು ಗಂಟೆಗೊಮ್ಮೆ, ಸಂಜೆಯ ಆರು ಗಂಟೆಗೊಮ್ಮೆ ಮಾಡಿ ನೋಡಿ. ಬೆಳಿಗ್ಗೆ 40 ಹೆಜ್ಜೆ, ಸಂಜೆ 20 ಹೆಜ್ಜೆ ಬಂದಿತೆಂದರೆ ನಿಮ್ಮ ಉದ್ಯಾನದ ಮುಕ್ಕಾಲು ಭಾಗವನ್ನು ಹಗಲು ನುಂಗಿಹಾಕಿದೆ ಎಂದು ತಿಳಿಯಿರಿ. ಪಕ್ಷಿಧಾಮದೊಳಗೆ ಮಾತ್ರ ಈ ಪ್ರಯೋಗವನ್ನು ಮಾಡಬೇಡಿ. ಅಲ್ಲಿ ಎಣಿಸುವುದನ್ನು ನಿಲ್ಲಿಸಿ ಸುಮ್ಮನೆ ಕೇಳುತ್ತ ಕುಳಿತರೆ ಸಾಕು. ಎರಡು ಅಂಕಿಗಳನ್ನು ಒಂದು ಕಾಗದದ ಮೇಲೆ ಬರೆದು ನಿಮ್ಮ ಪುರಸಭೆಗೋ ಪಂಚಾಯಿತಿಗೋ ಕಳುಹಿಸಿ. ಹತ್ತು ಊರುಗಳಿಂದ ಇಂಥ ಹತ್ತು ಕಾಗದಗಳು ಹೋದರೆ, ಎಕರೆಯ ಲೆಕ್ಕವನ್ನು ಮಾತ್ರ ಬಲ್ಲ ಕಚೇರಿಗಳಿಗೆ ಕಿವಿಯ ಲೆಕ್ಕವೂ ತಿಳಿಯತೊಡಗೀತು.